ಕಡಲಾಚೆಯವರಿಗೆ ಸೋಲುವ ಹಕ್ಕು

ಚುನಾವಣೆಯ ಫಲಿತಾಂಶ ತರುವ ನಿರಾಸೆ ಮತ ಹಾಕಿದವರಲ್ಲಿ ಒಂದು ಬಗೆಯದಾದರೆ, ಮತ ಹಾಕಲಾಗದೆ ದೂರದೇಶದಲ್ಲಿ ಕುಳಿತು ಅದನ್ನು ನೋಡಿದವರಲ್ಲಿ ಮತ್ತೊಂದು ಬಗೆಯದು. ಮೊದಲನೆಯವರು ತಮ್ಮ ಪಾಲಿನ ಒಂದು ಮತವನ್ನು ಕೊಟ್ಟು, ಅದು ಸಾಲದೆ ಹೋದುದನ್ನು ಒಪ್ಪಿಕೊಂಡು, ಮುಂದಿನ ಐದು ವರ್ಷಕ್ಕೆ ಮನಸ್ಸನ್ನು ಅಣಿಗೊಳಿಸಿಕೊಳ್ಳುತ್ತಾರೆ; ಎರಡನೆಯವರಿಗೆ ತಾವು ಸೋತೆವೆಂದು ಹೇಳಿಕೊಳ್ಳುವ ಆಸ್ಪದವೂ ಇಲ್ಲ, ಏಕೆಂದರೆ ಅವರು ಕಣದಲ್ಲಿ ಇರಲೇ ಇಲ್ಲ. ಉತ್ತರ ಬೆಂಗಳೂರಿನ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳಿಂದ ಹೊರಟು ಅಮೆರಿಕ, ಬ್ರಿಟನ್, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿರುವ, ಆದರೆ ಭಾರತದ ಪೌರತ್ವವನ್ನು ಬಿಡದಿರುವ ಕನ್ನಡಿಗರ ಸ್ಥಿತಿ ಈ ಎರಡನೆಯದು. ಅವರ ನಿರಾಸೆಯನ್ನು ಇಲ್ಲಿ ಉಳಿದವರು ಹೊಟ್ಟೆ ತುಂಬಿದವರ ಹಳಹಳಿಕೆಯೆಂದು ತಳ್ಳಿಹಾಕುವುದುಂಟು. ಆದರೆ ಅದರ ಬೇರು ಹುಡುಕಿಕೊಂಡು ಹೋದರೆ ಕಾನೂನಿನ ಒಂದು ಕೊರತೆಯೂ, ಇಲ್ಲಿ ಉಳಿದವರದೇ ಒಂದು ಉದಾಸೀನವೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ.

2024ರ ಜೂನ್ 4ರ ಬೆಳಿಗ್ಗೆ ಎಂಟು ಗಂಟೆಗೆ ಮತ ಎಣಿಕೆ ಆರಂಭವಾದಾಗ ದುಬೈಯಲ್ಲಿ ಬೆಳಗಿನ ಆರೂವರೆ, ಲಂಡನ್ನಿನಲ್ಲಿ ನಸುಕಿನ ಮೂರೂವರೆ, ನ್ಯೂಯಾರ್ಕಿನಲ್ಲಿ ಹಿಂದಿನ ರಾತ್ರಿಯ ಹತ್ತೂವರೆ ಆಗಿತ್ತು. ಆ ದಿನದ ಫಲಿತಾಂಶದ ವಿಶೇಷವೆಂದರೆ ಅದು ಎರಡೂ ಪಾಳೆಯದವರನ್ನು ಒಂದಿಷ್ಟು ನಿರಾಸೆಗೊಳಿಸಿತು. 2019ರಲ್ಲಿ 303 ಸ್ಥಾನ ಗಳಿಸಿದ್ದ ಭಾರತೀಯ ಜನತಾ ಪಕ್ಷ 240ಕ್ಕೆ ಇಳಿದು, ಬಹುಮತಕ್ಕೆ ಬೇಕಾದ 272ನ್ನು ಮಿತ್ರಪಕ್ಷಗಳ ನೆರವಿನಿಂದ ದಾಟಬೇಕಾಯಿತು. ಕಾಂಗ್ರೆಸ್ 99ರಲ್ಲಿ ನಿಂತಿತು. ಕರ್ನಾಟಕದ ಮಟ್ಟಿಗೆ ನಿರಾಸೆ ತಿರುವುಮುರುವಾಗಿತ್ತು. ಒಂದು ವರ್ಷದ ಹಿಂದೆಯಷ್ಟೇ, 2023ರ ಮೇ ತಿಂಗಳಲ್ಲಿ, ವಿಧಾನಸಭೆಯ 224 ಸ್ಥಾನಗಳಲ್ಲಿ 135ನ್ನು ಗೆದ್ದಿದ್ದ ಕಾಂಗ್ರೆಸ್ಸಿಗೆ ಲೋಕಸಭೆಯ 28ರಲ್ಲಿ ದಕ್ಕಿದ್ದು 9 ಮಾತ್ರ. ಬಿಜೆಪಿ 17ನ್ನೂ ಜಾತ್ಯತೀತ ಜನತಾದಳ 2ನ್ನೂ ಪಡೆದವು. ಹೀಗಾಗಿ ಒಂದೇ ಊರಿನಿಂದ ಹೋಗಿ ಒಂದೇ ನಗರದಲ್ಲಿ ನೆಲೆಸಿದ ಇಬ್ಬರು ಕನ್ನಡಿಗರು ಬೇರೆಬೇರೆ ಕಾರಣಕ್ಕೆ ಅದೇ ರಾತ್ರಿ ಮಂಕಾಗಿರಬಹುದಾಗಿತ್ತು. ಯಾವ ಪಕ್ಷ ಗೆಲ್ಲಬೇಕಿತ್ತೆಂಬುದು ಈ ಲೇಖನದ ವಿಷಯವಲ್ಲ. ಆ ಇಬ್ಬರ ನಿರಾಸೆಗೂ ಮತಪೆಟ್ಟಿಗೆಯ ಸಂಬಂಧವೇ ಇರಲಿಲ್ಲವೆಂಬುದು ವಿಷಯ.

ಇಲ್ಲಿ ಎರಡು ಪದಗಳನ್ನು ಬಿಡಿಸಿಟ್ಟುಕೊಳ್ಳಬೇಕು. ಭಾರತದ ಪಾಸ್‌ಪೋರ್ಟನ್ನು ಉಳಿಸಿಕೊಂಡು ಹೊರದೇಶದಲ್ಲಿ ವಾಸಿಸುವವರು ಅನಿವಾಸಿ ಭಾರತೀಯರು. ಅವರು ಪೂರ್ಣ ಅರ್ಥದಲ್ಲಿ ಭಾರತದ ಪ್ರಜೆಗಳು. ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ಕೂಡಲೇ ಭಾರತದ ಪೌರತ್ವ ಕಾನೂನಿನ ಪ್ರಕಾರ ಹೋಗಿಬಿಡುವುದರಿಂದ, ಅಂಥವರಿಗೆ 2005ರಲ್ಲಿ ಸಾಗರೋತ್ತರ ನಾಗರಿಕ ಎಂಬ ಸ್ಥಾನವನ್ನು ಕಲ್ಪಿಸಲಾಯಿತು. ಆಡುಮಾತಿನಲ್ಲಿ ಒಸಿಐ ಕಾರ್ಡ್ ಎನ್ನುವ ಇದು ಬಂದುಹೋಗಲು, ನೆಲೆಸಲು ಅನುಕೂಲ ಮಾಡಿಕೊಡುತ್ತದೆ, ಮತದಾನದ ಹಕ್ಕನ್ನು ಕೊಡುವುದಿಲ್ಲ. ಈ ಎರಡನೆಯ ಗುಂಪಿನವರು ತಾವು ಸೇರಿದ ದೇಶದ ರಾಜಕಾರಣದಲ್ಲಿ ಪಾಲ್ಗೊಳ್ಳಬಲ್ಲರು. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಿಂದ ಹೋದ ಚಂದ್ರ ಆರ್ಯ 2015ರಿಂದ ಮೂರು ಬಾರಿ ಕೆನಡಾದ ಸಂಸತ್ತಿಗೆ ಆಯ್ಕೆಯಾಗಿ, 2022ರಲ್ಲಿ ಅಲ್ಲಿ ಕನ್ನಡದಲ್ಲಿ ಮಾತನಾಡಿದ್ದು ಇದಕ್ಕೆ ಉದಾಹರಣೆ. ಮೊದಲನೆಯ ಗುಂಪಿನವರ ಪಾಡು ಹೀಗಿಲ್ಲ. ವಾಸವಿರುವ ದೇಶದಲ್ಲಿ ಅವರು ಸಾಮಾನ್ಯವಾಗಿ ಮತದಾರರಲ್ಲ, ತಮ್ಮ ದೇಶದಲ್ಲಿ ಹೆಸರಿಗೆ ಮಾತ್ರ ಮತದಾರರು.

ಉತ್ತರ ಬೆಂಗಳೂರು ಜನರನ್ನು ಹೊರಗೆ ಕಳುಹಿಸಿದ ಪ್ರದೇಶವಾದುದು ಆಕಸ್ಮಿಕವಲ್ಲ. ಯಶವಂತಪುರದ ಪಕ್ಕದಲ್ಲಿ 1909ರಿಂದ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬಂದವು. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ ಬೆಳೆಯಿತು. ಕಾರ್ಖಾನೆಯ ಕಾಲೊನಿಗಳಲ್ಲಿ ಬೆಳೆದು ಎಂಜಿನಿಯರಿಂಗ್ ಓದಿದ ಮಕ್ಕಳಿಗೆ ಹೊರದೇಶದ ದಾರಿ ತೆರೆದುಕೊಂಡಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಆ ದಾರಿ ಹೆಬ್ಬಾಳದ ಮೇಲುಸೇತುವೆಯನ್ನೇರಿ ಯಲಹಂಕವನ್ನು ಹಾದು ಹೋಗತೊಡಗಿತು. ಹಾಗೆ ಹೋದವರಿಗೆ ತಮ್ಮ ಕ್ಷೇತ್ರ ಯಾವುದೆಂದು ಗುರುತಿಸುವುದೂ ಸುಲಭವಾಗಿ ಉಳಿಯಲಿಲ್ಲ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ, ಅಂದರೆ ಜನಸಂಖ್ಯೆಗೆ ತಕ್ಕಂತೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆಯುವ ಕೆಲಸದಲ್ಲಿ, ಹೆಬ್ಬಾಳ ಮತ್ತು ಬ್ಯಾಟರಾಯನಪುರ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಲ್ಲಿದ್ದರೆ ಯಲಹಂಕ ಚಿಕ್ಕಬಳ್ಳಾಪುರಕ್ಕೆ ಸೇರಿತು. ಯಶವಂತಪುರದ ಹೆಸರು ಹೊತ್ತ ವಿಧಾನಸಭಾ ಕ್ಷೇತ್ರ ಬೆಂಗಳೂರು ಉತ್ತರದಲ್ಲಿದೆ. ಆದರೆ ಯಶವಂತಪುರದ ಹೆಸರಿನ ವಾರ್ಡು ರಾಜರಾಜೇಶ್ವರಿನಗರ ವಿಧಾನಸಭಾ ಕ್ಷೇತ್ರದೊಳಗೆ, ಅದರ ಮೂಲಕ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದೊಳಗೆ ಹೋಯಿತು. ದೂರದಿಂದ ನೋಡುವವರು ಟಿ.ವಿ. ಪರದೆಯ ಮೇಲೆ ತಮ್ಮೂರೆಂದು ಹಿಂಬಾಲಿಸುವ ಹೆಸರು ಎಷ್ಟೋ ವೇಳೆ ಅವರ ಮನೆಯ ಮತಗಟ್ಟೆಗೆ ಸಂಬಂಧಿಸಿದ್ದಾಗಿರುವುದಿಲ್ಲ.

ಹೊರದೇಶದಲ್ಲಿದ್ದು ಭಾರತದ ಚುನಾವಣೆಯನ್ನು ಎದೆಗೆ ಹಚ್ಚಿಕೊಂಡವರ ಚರಿತ್ರೆ ಇತ್ತೀಚಿನದಲ್ಲ. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾದಾಗ ಅಮೆರಿಕದಲ್ಲಿದ್ದ ಭಾರತೀಯರು ಕಟ್ಟಿದ ‘ಇಂಡಿಯನ್ಸ್ ಫಾರ್ ಡೆಮಾಕ್ರಸಿ’ ಸಂಘಟನೆಯ ಮುಂಚೂಣಿಯಲ್ಲಿದ್ದವರಲ್ಲಿ ಧಾರವಾಡ ಸೀಮೆಯ ಎಸ್.ಆರ್. ಹಿರೇಮಠ ಒಬ್ಬರು. ಷಿಕಾಗೋದಲ್ಲಿದ್ದ ಅವರ ಪಾಸ್‌ಪೋರ್ಟನ್ನು ಭಾರತ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಊರಿನ ಚುನಾವಣೆಯಲ್ಲಿ ಒಂದು ಮತವನ್ನೂ ಹಾಕಲಾಗದ ಜನ, ಊರಿಗೆ ಮರಳುವ ದಾರಿಯನ್ನೇ ಪಣಕ್ಕಿಟ್ಟು, ಊರಿನಲ್ಲಿ ಚುನಾವಣೆ ನಡೆಯಬೇಕೆಂದು ಹೋರಾಡಿದ ಕಾಲವದು.

1977ರ ಮಾರ್ಚಿನಲ್ಲಿ ಆ ಚುನಾವಣೆ ನಡೆಯಿತು. ಇಂದಿರಾ ಗಾಂಧಿಯವರು ರಾಯಬರೇಲಿಯಲ್ಲಿ ಸೋತರು, ಜನತಾ ಪಕ್ಷ ಅಧಿಕಾರಕ್ಕೆ ಬಂತು. ಆದರೆ ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ ಗೆದ್ದಿತು. ಜನತಾ ಪಕ್ಷಕ್ಕೆ ದಕ್ಕಿದ್ದು ಹಾಸನ ಮತ್ತು ಬೆಂಗಳೂರು ದಕ್ಷಿಣ ಮಾತ್ರ; ಎರಡನೆಯದರಲ್ಲಿ ಗೆದ್ದವರು, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಸ್ಥಾನ ತಪ್ಪಿಸಲ್ಪಟ್ಟು 1973ರಲ್ಲಿ ರಾಜೀನಾಮೆ ಕೊಟ್ಟು ಬಂದಿದ್ದ ಕೆ.ಎಸ್. ಹೆಗ್ಡೆ. ಬೆಂಗಳೂರು ಉತ್ತರದಲ್ಲಿ ಕಾಂಗ್ರೆಸ್ಸಿನ ಸಿ.ಕೆ. ಜಾಫರ್ ಷರೀಫ್ ಗೆದ್ದರು. ತುರ್ತುಪರಿಸ್ಥಿತಿಯಲ್ಲಿ ಆಡ್ವಾಣಿ, ವಾಜಪೇಯಿ, ಮಧು ದಂಡವತೆ ಅವರಂಥ ನಾಯಕರನ್ನು ಬಂಧಿಸಿ ಸೆರೆಯಲ್ಲಿಟ್ಟದ್ದು ಇದೇ ಬೆಂಗಳೂರಿನಲ್ಲಿ. ಅದೇ ಸೆರೆಯಲ್ಲಿ ನರಳಿದ ನಟಿ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ಚುನಾವಣೆಗೆ ಎರಡು ತಿಂಗಳ ಮುಂಚೆ, ತೀರಿಕೊಂಡಿದ್ದರು. ಇಷ್ಟಾದ ಮೇಲೂ ತನ್ನ ರಾಜ್ಯ ಹೀಗೇಕೆ ಮತ ಹಾಕಿತೆಂಬ ಪ್ರಶ್ನೆ ದೂರದಲ್ಲಿದ್ದ ಕನ್ನಡಿಗನಿಗೆ ಎದುರಾಗಲೇಬೇಕಿತ್ತು.

ಆ ಪ್ರಶ್ನೆಗೆ ಉತ್ತರ ಸಿಗುವುದು ಆಗಿನ ಮುಖ್ಯಮಂತ್ರಿ ದೇವರಾಜ ಅರಸರ ಆಡಳಿತದಲ್ಲಿ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು, ಅಂದರೆ ಬೇರೆಯವರ ಜಮೀನನ್ನು ಫಸಲಿನ ಪಾಲಿಗೋ ಹಣಕ್ಕೋ ಮಾಡುತ್ತಿದ್ದ ರೈತರು, ತಾವು ಉಳುತ್ತಿದ್ದ ನೆಲಕ್ಕೆ ಒಡೆತನ ಕೇಳುವ ಹಕ್ಕು ಪಡೆದರು; 1975ರಲ್ಲಿ ಬಂದ ಹಾವನೂರು ಆಯೋಗದ ವರದಿ ಹಿಂದುಳಿದ ವರ್ಗಗಳಿಗೆ ಮೀಸಲಾತಿಯ ಭರವಸೆ ಕೊಟ್ಟಿತು; ಉತ್ತರ ಭಾರತದ ಹಳ್ಳಿಗಳನ್ನು ತತ್ತರಿಸುವಂತೆ ಮಾಡಿದ ಬಲವಂತದ ಸಂತಾನಹರಣ ಇಲ್ಲಿ ಆ ಪ್ರಮಾಣದಲ್ಲಿ ನಡೆಯಲಿಲ್ಲ. ಷಿಕಾಗೋದಲ್ಲಿ ನಿಂತು ನೋಡಿದವರಿಗೆ ಆ ಚುನಾವಣೆ ಸ್ವಾತಂತ್ರ್ಯದ ಪ್ರಶ್ನೆಯಾಗಿ ಕಂಡದ್ದು ಸರಿಯೇ. ಭೂ ನ್ಯಾಯಮಂಡಳಿಯ ಮುಂದೆ ಅರ್ಜಿ ಹಿಡಿದು ನಿಂತ ಗೇಣಿದಾರನಿಗೆ ಅದು ನೆಲದ ಪ್ರಶ್ನೆಯಾಗಿ ಕಂಡದ್ದೂ ಸರಿಯೇ. ಇಬ್ಬರೂ ಸತ್ಯವನ್ನೇ ನೋಡಿದ್ದರು, ಆದರೆ ದೂರದಿಂದ ಕಾಣುವುದು ಒಂದೇ ದೊಡ್ಡ ಸತ್ಯ, ಹತ್ತಿರದಿಂದ ಕಾಣುವುದು ಹಲವು ಸಣ್ಣ ಸತ್ಯಗಳು. ಹಿರೇಮಠರು 1979ರಲ್ಲಿ ಅಮೆರಿಕ ಬಿಟ್ಟು ಬಂದು ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ ಹಳ್ಳಿಯ ಕೆಲಸಕ್ಕೆ ತೊಡಗಿದರು. 1984ರಲ್ಲಿ ಸಮಾಜ ಪರಿವರ್ತನ ಸಮುದಾಯವನ್ನು ಕಟ್ಟಿ, ಮುಂದೆ ತುಂಗಭದ್ರೆಯ ಮಾಲಿನ್ಯದ ವಿರುದ್ಧವೂ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧವೂ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ದೂರದ ಕಳವಳವನ್ನು ಹತ್ತಿರದ ಕೆಲಸವಾಗಿಸಿಕೊಂಡ ಇಂಥ ಬಾಳು ಎಲ್ಲರಿಗೂ ಸಾಧ್ಯವಲ್ಲ, ಎಲ್ಲರಿಂದಲೂ ಅದನ್ನು ಕೇಳುವುದು ನ್ಯಾಯವೂ ಅಲ್ಲ.

ಬೆಂಗಳೂರು ಉತ್ತರದ ಮುಂದಿನ ಇತಿಹಾಸ ನಿರಾಸೆಗೆ ಇನ್ನೊಂದು ಮುಖವಿದೆಯೆಂದು ತೋರಿಸುತ್ತದೆ. 2004ರಲ್ಲಿ ಷರೀಫರನ್ನು ಸೋಲಿಸಿ ಬಿಜೆಪಿಯಿಂದ ಆರಿಸಿಬಂದ ನಿವೃತ್ತ ಪೊಲೀಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನಾ, 2008ರ ಜುಲೈನಲ್ಲಿ ಭಾರತ–ಅಮೆರಿಕ ಅಣು ಒಪ್ಪಂದದ ಹಿನ್ನೆಲೆಯಲ್ಲಿ ನಡೆದ ವಿಶ್ವಾಸಮತದಲ್ಲಿ ತಮ್ಮ ಪಕ್ಷದ ಆದೇಶ ಮೀರಿ ಮನಮೋಹನ ಸಿಂಗ್ ಸರ್ಕಾರದ ಪರ ಮತ ಹಾಕಿ ಪಕ್ಷದಿಂದ ಉಚ್ಚಾಟಿತರಾದರು. 1978ರಲ್ಲಿ ಚಿಕ್ಕಮಗಳೂರು ಕ್ಷೇತ್ರವನ್ನು ಇಂದಿರಾ ಗಾಂಧಿಯವರಿಗಾಗಿ ತೆರವು ಮಾಡಿಕೊಟ್ಟಿದ್ದ ಡಿ.ಬಿ. ಚಂದ್ರೇಗೌಡರು 2009ರಲ್ಲಿ ಬಿಜೆಪಿಯ ಅಭ್ಯರ್ಥಿಯಾಗಿ ಬೆಂಗಳೂರು ಉತ್ತರದಿಂದ ಗೆದ್ದರು. ಗೆದ್ದವರ ಪರ ಮತ ಹಾಕಿದವರಿಗೂ ನಿರಾಸೆ ತಪ್ಪಿದ್ದಲ್ಲ; ಆದರೆ ಮುಂದಿನ ಸಲ ಉತ್ತರ ಕೊಡಲು ಅವರ ಕೈಯಲ್ಲಿ ಮತವಿರುತ್ತದೆ.

ಹೊರದೇಶದಲ್ಲಿರುವ ಪ್ರಜೆಯ ಕೈಯಲ್ಲಿ ಇರುವುದೇನು? 2010ರವರೆಗೆ ಏನೂ ಇರಲಿಲ್ಲ. ಮತದಾರರ ಪಟ್ಟಿಗೆ ಸೇರಲು ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸಿಸುತ್ತಿರಬೇಕೆಂಬ ನಿಯಮದಿಂದಾಗಿ, ದೀರ್ಘಕಾಲ ಹೊರಗಿದ್ದವರು ಪಟ್ಟಿಯಿಂದಲೇ ಹೊರಗುಳಿಯುತ್ತಿದ್ದರು. ಆ ವರ್ಷ ಜನತಾ ಪ್ರಾತಿನಿಧ್ಯ ಕಾಯಿದೆಗೆ 20ಎ ಎಂಬ ಹೊಸ ಕಲಂ ಸೇರಿತು. 2011ರ ಫೆಬ್ರುವರಿಯಿಂದ ಅದು ಜಾರಿಗೆ ಬಂತು. ಅದರಂತೆ ಬೇರೆ ದೇಶದ ಪೌರತ್ವ ಪಡೆಯದ ಅನಿವಾಸಿ, ನಮೂನೆ 6ಎ ಎಂಬ ಅರ್ಜಿ ಸಲ್ಲಿಸಿ, ಪಾಸ್‌ಪೋರ್ಟಿನಲ್ಲಿ ನಮೂದಾದ ಭಾರತದ ವಿಳಾಸದ ಕ್ಷೇತ್ರದಲ್ಲಿ ಸಾಗರೋತ್ತರ ಮತದಾರನಾಗಬಹುದು. ಆದರೆ ಮತದಾನದ ದಿನ ಅವನೇ ಮತಗಟ್ಟೆಗೆ ಬಂದು ಮೂಲ ಪಾಸ್‌ಪೋರ್ಟನ್ನು ತೋರಿಸಬೇಕು. ಟೊರಾಂಟೊದಲ್ಲಿರುವ ದಾದಿಯೊಬ್ಬಳು ಸಂಜಯನಗರದ ಶಾಲೆಯೊಂದರ ಮತಗಟ್ಟೆಯಲ್ಲಿ ಒಂದು ಗುಂಡಿ ಒತ್ತಲು ರಜೆ ಹಾಕಿ, ಟಿಕೆಟ್ ಕೊಂಡು, ಒಂದು ದಿನ ಮೀರಿದ ಪ್ರಯಾಣ ಮಾಡಬೇಕು.

ಇದರ ಪರಿಣಾಮ ಲೆಕ್ಕದಲ್ಲೇ ಇದೆ. ಒಂದು ಕೋಟಿಗೂ ಹೆಚ್ಚು ಅನಿವಾಸಿ ಭಾರತೀಯರಲ್ಲಿ 2024ರ ಲೋಕಸಭಾ ಚುನಾವಣೆಗೆ ನೋಂದಾಯಿಸಿಕೊಂಡವರು ಸುಮಾರು 1.2 ಲಕ್ಷ, ಬಂದು ಮತ ಹಾಕಿದವರು 2,958. ಅವರಲ್ಲಿ 2,670 ಮಂದಿ ಕೇರಳದವರು. ಅಂದರೆ ಕರ್ನಾಟಕವೂ ಸೇರಿ ಉಳಿದ ಇಡೀ ದೇಶಕ್ಕೆ ಉಳಿಯುವುದು ಮುನ್ನೂರಕ್ಕೂ ಕಡಿಮೆ. ಕೇರಳದ ಸಂಖ್ಯೆಗೆ ಕಾರಣವಿದೆ: ಕೊಲ್ಲಿಯಲ್ಲಿರುವ ಮಲಯಾಳಿ ಸಂಘಟನೆಗಳು ಚುನಾವಣೆಯ ಹೊತ್ತಿಗೆ ಕೋಯಿಕ್ಕೋಡಿನತ್ತ ವಿಮಾನಗಳನ್ನೇ ಗೊತ್ತುಮಾಡುತ್ತವೆ, ಪ್ರಯಾಣವೂ ಕೆಲವೇ ಗಂಟೆಗಳದು. ಕನ್ನಡಿಗರಲ್ಲಿ ಅಕ್ಕ, ನಾವಿಕದಂಥ ದೊಡ್ಡ ಸಂಸ್ಥೆಗಳು ಸಮ್ಮೇಳನ ನಡೆಸುತ್ತವೆ, ಭಾಷೆಯನ್ನು ಮಕ್ಕಳಿಗೆ ಕಲಿಸುವ ಶ್ಲಾಘನೀಯ ಕೆಲಸವೂ ಕನ್ನಡ ಕೂಟಗಳಲ್ಲಿ ನಡೆಯುತ್ತದೆ. ನಮೂನೆ 6ಎಯನ್ನು ತುಂಬಿಸುವ ಕೆಲಸವನ್ನೂ ಅವು ಕೈಗೆತ್ತಿಕೊಂಡರೆ ಭಾಷೆಯ ಅಭಿಮಾನಕ್ಕೆ ಪೌರತ್ವದ ಬಲ ಸೇರುತ್ತದೆ.

ತಾಂತ್ರಿಕವಾಗಿ ಇದು ಅಸಾಧ್ಯವೆಂಬ ಮಾತನ್ನು ಒಪ್ಪಲಾಗದು. ದೇಶದ ವಿದ್ಯುನ್ಮಾನ ಮತಯಂತ್ರಗಳನ್ನು ತಯಾರಿಸುವ ಎರಡೇ ಸಂಸ್ಥೆಗಳಲ್ಲಿ ಒಂದು ಹೈದರಾಬಾದಿನದು, ಇನ್ನೊಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆಯಲ್ಲಿ ತಯಾರಾಗಿ ಹಲವು ಹೊರದೇಶಗಳ ಚುನಾವಣೆಗಳಿಗೂ ಹೋಗುತ್ತದೆ. ಸೈನಿಕರಿಗೂ, ವಿದೇಶದಲ್ಲಿರುವ ಸರ್ಕಾರಿ ನೌಕರರಿಗೂ 2016ರ ನಿಯಮ ತಿದ್ದುಪಡಿಯ ಬಳಿಕ ಮತಪತ್ರ ಇಂಟರ್ನೆಟ್ ಮೂಲಕ ತಲುಪುತ್ತಿದೆ. ಅವರು ಅದನ್ನು ಮುದ್ರಿಸಿ, ಗುರುತು ಹಾಕಿ, ಅಂಚೆಯಲ್ಲಿ ಹಿಂದಿರುಗಿಸುತ್ತಾರೆ. ಹೀಗಾಗಿ ಲಂಡನ್ನಿನ ಭಾರತೀಯ ಹೈಕಮಿಷನ್ನಿನಲ್ಲಿ ಗುಮಾಸ್ತರಾಗಿರುವ ಯಲಹಂಕದವರು ಅಲ್ಲಿಂದಲೇ ಮತ ಹಾಕಬಹುದು, ಅದೇ ಬೀದಿಯ ಆಸ್ಪತ್ರೆಯಲ್ಲಿ ದುಡಿಯುವ ಯಲಹಂಕದವರು ಹಾಕಲಾಗದು. ಈ ಭೇದಕ್ಕೆ ತಕ್ಕ ಸಮರ್ಥನೆಯಿಲ್ಲ.

ಇಷ್ಟು ಹೇಳಿದ ಮೇಲೆ ಮತಗಟ್ಟೆ ನಡೆದು ಹೋಗುವಷ್ಟು ಹತ್ತಿರವಿರುವವರ ಕಡೆಗೂ ನೋಡಬೇಕು. 2024ರ ಏಪ್ರಿಲ್ 26ರಂದು ಬೆಂಗಳೂರು ಉತ್ತರದಲ್ಲಿ ಸುಮಾರು 32 ಲಕ್ಷ ಮತದಾರರಿದ್ದು, ಮತ ಹಾಕಿದವರು ಶೇಕಡ 54ರಷ್ಟು. ಗೆದ್ದ ಶೋಭಾ ಕರಂದ್ಲಾಜೆ ಅವರಿಗೆ ಬಂದ ಮತಗಳು ಹತ್ತು ಲಕ್ಷದ ಸಮೀಪ. ಮತ ಹಾಕದೆ ಉಳಿದವರು ಹದಿನಾಲ್ಕು ಲಕ್ಷಕ್ಕೂ ಹೆಚ್ಚು. ಶೋಭಾ ಅವರ ಗೆಲುವಿನ ಅಂತರ ಎರಡೂವರೆ ಲಕ್ಷವನ್ನು ದಾಟಿದ ದೊಡ್ಡ ಅಂತರವೇ, ಆದರೂ ಬಾರದವರ ಸಂಖ್ಯೆ ಅದರ ಐದುಪಟ್ಟಿಗಿಂತ ಮಿಗಿಲು. ಅದೇ ದಿನ ಯಲಹಂಕವನ್ನು ಒಳಗೊಂಡ ಚಿಕ್ಕಬಳ್ಳಾಪುರ ಕ್ಷೇತ್ರದಲ್ಲಿ ಮತದಾನ ಶೇಕಡ 77ರ ಹತ್ತಿರವಿತ್ತು. 2019ರಲ್ಲಿ ಮತದಾನದ ಗುರುವಾರ ಮಹಾವೀರ ಜಯಂತಿಗೂ ಶುಭ ಶುಕ್ರವಾರಕ್ಕೂ ನಡುವೆ ಬಿದ್ದು ಸಾಲುಸಾಲು ರಜೆಯಾದಾಗ, 2024ರಲ್ಲಿ ಶುಕ್ರವಾರವೇ ಮತದಾನ ಬಂದಾಗ, ರಜೆಯನ್ನು ಕಾರಣವಾಗಿ ಹೇಳಲಾಯಿತು. ಪಟ್ಟಿಯಲ್ಲಿ ಮನೆ ಬಿಟ್ಟುಹೋದವರ, ತೀರಿಕೊಂಡವರ ಹೆಸರುಗಳು ಉಳಿದಿರುವುದೂ ಪ್ರಮಾಣವನ್ನು ತಗ್ಗಿಸುತ್ತದೆ. ಇನ್ನೊಂದು ಕಾರಣದ ಬಗ್ಗೆ ಚರ್ಚೆ ಕಡಿಮೆ: ನಗರದ ಮತದಾರನಿಗೆ ಅತಿ ಹತ್ತಿರದ ಚುನಾವಣೆಯೇ ಕೈತಪ್ಪಿದೆ. 2015ರಲ್ಲಿ ಆಯ್ಕೆಯಾದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ಕಳೆದರೂ ಹೊಸ ಸದಸ್ಯರು ಬರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದಾಗಿ ಒಡೆದು ಬೆಂಗಳೂರು ಉತ್ತರ ನಗರ ಪಾಲಿಕೆ ಹುಟ್ಟಿತು. ಮನೆಯ ಮುಂದಿನ ಚರಂಡಿಗೆ ಹೊಣೆಯಾಗಬೇಕಾದವರನ್ನು ಆರಿಸುವ ಅವಕಾಶವನ್ನೇ ಕಾಣದ ಜನರಲ್ಲಿ ದೆಹಲಿಗೆ ಹೋಗುವವರನ್ನು ಆರಿಸುವ ಉತ್ಸಾಹವೂ ಕುಗ್ಗುತ್ತದೆ.

ಹೊರಗಿರುವವರ ನಿರಾಸೆ ಕಹಿಯಾಗುವುದು ಇಲ್ಲಿಯೇ. ತನಗೆ ಸಿಗದ ಮತವನ್ನು ಸಿಕ್ಕವರು ಎಸೆದರೆಂಬ ಸಿಟ್ಟು, ಫಲಿತಾಂಶದ ಮರುದಿನ ಕುಟುಂಬದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ನಮ್ಮ ಜನವೇ ಹೀಗೆ’ ಎಂಬ ತಿರಸ್ಕಾರವಾಗಿ ಹೊರಬೀಳುತ್ತದೆ. ಇಲ್ಲಿರುವವರು ‘ಅಷ್ಟಿದ್ದರೆ ಬಂದು ಇಲ್ಲೇ ಇರಿ’ ಎಂದು ಬಾಯಿ ಮುಚ್ಚಿಸುತ್ತಾರೆ. ಎರಡೂ ಮಾತು ಪ್ರಜಾಪ್ರಭುತ್ವಕ್ಕೆ ಹಾನಿಕರ. ರಾಜಕೀಯ ಚಿಂತನೆಯಲ್ಲಿ ಸೋತವರ ಸಮ್ಮತಿ ಎಂಬ ಒಂದು ಪರಿಕಲ್ಪನೆಯಿದೆ. ಚುನಾವಣೆ ಸಿಂಧುವಾಗುವುದು ಗೆದ್ದವರ ಸಂಭ್ರಮದಿಂದಲ್ಲ, ಸೋತವರು ಇದು ನಮ್ಮದೂ ಆದ ತೀರ್ಪು ಎಂದು ಒಪ್ಪುವುದರಿಂದ ಎಂಬುದು ಅದರ ತಾತ್ಪರ್ಯ. ಆ ಒಪ್ಪಿಗೆ ಬರುವುದು ಸಾಲಿನಲ್ಲಿ ನಿಂತು, ತನ್ನಂತೆಯೇ ಒಂದೇ ಮತವಿರುವ ಅಕ್ಕಪಕ್ಕದವರನ್ನು ಕಂಡು, ತನ್ನದೂ ಲಕ್ಷಾಂತರ ಮತಗಳಲ್ಲಿ ಒಂದೆಂದು ಅರಿತುಕೊಂಡಾಗ. ಮತವಿಲ್ಲದವನಿಗೆ ಸೋಲುವ ಹಕ್ಕೂ ಇಲ್ಲದಿರುವುದರಿಂದ ಅವನ ನಿರಾಸೆ ಸಮ್ಮತಿಯಾಗಿ ಮಾಗದೆ ತಿರಸ್ಕಾರವಾಗಿಯೇ ಉಳಿಯುತ್ತದೆ.

ಆಡಳಿತದ ಪರಿಣಾಮವನ್ನು ಅನುಭವಿಸದವರಿಗೆ ಆಳುವವರನ್ನು ಆರಿಸುವ ಅಧಿಕಾರವೇಕೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ 20ಎ ಕಲಂ ಅಧಿಕಾರವನ್ನು ಈಗಾಗಲೇ ಕೊಟ್ಟಿದೆ. ಚಲಾಯಿಸುವ ದಾರಿ ಮಾತ್ರ ದುಡ್ಡಿದ್ದವರಿಗೆ, ರಜೆ ಸಿಕ್ಕವರಿಗೆ ಮೀಸಲಾಗಿದೆ. ಆರ್.ಟಿ. ನಗರದಲ್ಲಿ ವಯಸ್ಸಾದ ತಂದೆತಾಯಿಯನ್ನು ಬಿಟ್ಟು ಕೊಲ್ಲಿಯಲ್ಲಿ ಚಾಲಕನಾಗಿ ದುಡಿಯುವವನು ಇಲ್ಲಿನ ಆಸ್ಪತ್ರೆ, ಪಡಿತರ, ಬೆಲೆ ಎಲ್ಲದರ ಪರಿಣಾಮವನ್ನೂ ತಾನು ಕಳುಹಿಸುವ ಹಣದ ಮೂಲಕ ಹೊರುತ್ತಾನೆ. ಮಾಲೀಕರು ಪಾಸ್‌ಪೋರ್ಟನ್ನು ತಮ್ಮ ಬಳಿ ಇಟ್ಟುಕೊಳ್ಳುವ ಅಭ್ಯಾಸ ಅಲ್ಲಿ ಕೆಲವೆಡೆ ಇನ್ನೂ ಇರುವಾಗ, ಮೂಲ ಪಾಸ್‌ಪೋರ್ಟ್ ಹಿಡಿದು ಬಾ ಎನ್ನುವುದು ಅವನಿಗೆ ಬರಬೇಡ ಎಂದಂತೆಯೇ. ಪೌರತ್ವ ಬದಲಿಸಿದವರನ್ನು ಹೊರಗಿಟ್ಟಿರುವುದು ಸರಿ. ಅದನ್ನು ಉಳಿಸಿಕೊಂಡವರನ್ನು ಹೊರಗಿಡುವುದು ತಪ್ಪು. ಫ್ರಾನ್ಸ್ 2012ರಿಂದ ಹೊರದೇಶದ ತನ್ನ ಪ್ರಜೆಗಳಿಗೆ 11 ಸಂಸತ್ ಸ್ಥಾನಗಳನ್ನೇ ಇಟ್ಟಿದೆ. ಹದಿನೈದು ವರ್ಷ ಹೊರಗಿದ್ದವರು ಮತ ಕಳೆದುಕೊಳ್ಳುತ್ತಾರೆಂಬ ಮಿತಿಯನ್ನು ಬ್ರಿಟನ್ 2024ರ ಜನವರಿಯಲ್ಲಿ ತೆಗೆದುಹಾಕಿತು.

ಭಾರತದಲ್ಲಿ 2018ರ ಆಗಸ್ಟ್‌ನಲ್ಲಿ ಲೋಕಸಭೆ ಅಂಗೀಕರಿಸಿದ ಮಸೂದೆ ಪ್ರತಿನಿಧಿ ಮತದಾನಕ್ಕೆ, ಅಂದರೆ ಅನಿವಾಸಿಯ ಪರವಾಗಿ ಇಲ್ಲಿರುವ ಇನ್ನೊಬ್ಬರು ಮತ ಹಾಕುವುದಕ್ಕೆ, ಅವಕಾಶ ಕೊಡುವಂಥದು. ಅದು ಒಳ್ಳೆಯ ಮದ್ದಲ್ಲ: ಗುಟ್ಟಿನ ಮತದಾನವನ್ನು ಅದು ಕೆಡಿಸುತ್ತದೆ, ಮನೆಯ ಹಿರಿಯರ ಇಷ್ಟವೇ ಮತವಾಗುವ ಅಪಾಯವನ್ನು ತರುತ್ತದೆ. ರಾಜ್ಯಸಭೆಯ ಒಪ್ಪಿಗೆ ಸಿಗದೆ 2019ರಲ್ಲಿ ಹದಿನಾರನೆಯ ಲೋಕಸಭೆಯೊಂದಿಗೆ ಅದು ಬಿದ್ದುಹೋಯಿತು. ಸೈನಿಕರಿಗೆ ಕೊಟ್ಟಿರುವ ಅಂಚೆ ಮತಪತ್ರದ ಏರ್ಪಾಟನ್ನೇ ಅನಿವಾಸಿಗಳಿಗೂ ವಿಸ್ತರಿಸಬಹುದೆಂದು ಚುನಾವಣಾ ಆಯೋಗ 2020ರ ನವೆಂಬರಿನಲ್ಲಿ ಕಾನೂನು ಸಚಿವಾಲಯಕ್ಕೆ ಬರೆದಿತು. ಮೂರು ವರ್ಷಕ್ಕೂ ಹೆಚ್ಚು ಕಾಲದ ಬಳಿಕ, 2024ರ ಏಪ್ರಿಲ್‌ನಲ್ಲಿಯೂ, ಅನಿವಾಸಿ ಮತದಾರರು ಖುದ್ದಾಗಿಯೇ ಬರಬೇಕಾಯಿತು. ಬೆಂಗಳೂರು ಉತ್ತರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದಿಂದ ಲೋಕಸಭೆಗೆ ಹೋಗಿರುವ ಮೂವರು ಸದಸ್ಯರು, ಪಕ್ಷವನ್ನು ಬದಿಗಿಟ್ಟು, ಆ ಪತ್ರ ಏನಾಯಿತೆಂದು ಸದನದಲ್ಲಿ ಕೇಳಲಿ. 2029ರ ಚುನಾವಣೆಯ ಪಟ್ಟಿ ಸಿದ್ಧವಾಗುವ ಮೊದಲೇ ಕೇಳಲಿ.